ಒಂಬತ್ತು ಗುಂಟೆ

ಅಪ್ಪನನ್ನು ರೋಡಿನ ಬದಿಗೆ ಹುಗಿದೆವು.

ಡಾಂಬರು ಮುಗಿದು ಹೊಲ ಸುರುವಾಗುವ ನಡುವೆ ಹತ್ತು ಅಡಿ ಸರ್ಕಾರದ ನೆಲ ಇರುತ್ತದೆ. ಅಲ್ಲಿ. ಹೋದ ವರ್ಷ ಶ್ರಾವಣದಲ್ಲಿ. ಅರ್ಧ ಕುಣಿ ತೋಡಿದಾಗ ನೀರು ಬಂತು. ಡಬ್ಬಿಯಿಂದ ನೀರೆತ್ತಿ ಹಾಕಿ ಅದೇ ಕೆಸರಿನಲ್ಲಿ ಇಳಿಸಿದೆವು. ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಒಂದು ಲಾರಿಯ ಗಾಲಿ ಸಿಡಿಸಿದ ನೀರು ಅಪ್ಪನ ಮುಖದ ಬಟ್ಟೆಯ ಮೇಲೆ ಬಿತ್ತು. ನಮ್ಮ ಕೇರಿಯವರು ಇಪ್ಪತ್ತು ವರ್ಷದಿಂದ ಅಲ್ಲೇ ಹುಗಿಯುತ್ತಿದ್ದರು. ರೂಢಿಯಾಗಿತ್ತು.

ಅಪ್ಪನ ಹೆಸರು ಕಾಶಿರಾಮ. ಊರು ಹಿಪ್ಪರವಾಡಿ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ರೋಡಿನ ಮೇಲಿದೆ. ನಲವತ್ತು ವರ್ಷ ಅಪ್ಪ ಕುಣಿ ತೋಡಿದ. ನಮ್ಮವರಿಗಲ್ಲ. ದೊಡ್ಡ ಓಣಿಯವರಿಗೆ. ಅವರು ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕುಣಿಯ ತಳದಲ್ಲಿ ಗೋಡೆ ಕೊರೆದು ಗೂಡು ಮಾಡಬೇಕು. ಎರಿ ಮಣ್ಣಿನಲ್ಲಿ ಗೂಡು ನಿಲ್ಲುವುದಿಲ್ಲ, ಕುಸಿಯುತ್ತದೆ. ಅಪ್ಪ ಕೊರೆದದ್ದು ಕುಸಿಯುತ್ತಿರಲಿಲ್ಲ. ಸುತ್ತಲಿನ ನಾಲ್ಕು ಹಳ್ಳಿಯಿಂದ ಕರೆಯಲು ಬರುತ್ತಿದ್ದರು.

ಕುಣಿ ತೋಡಿ ಮುಗಿದ ಮೇಲೆ ಅಪ್ಪ ದೂರ ಹೋಗಿ ಕೂಡಬೇಕು. ಅವನು ಇಳಿದಿದ್ದನಲ್ಲ, ಅದಕ್ಕೆ ಕುಣಿಯ ಒಳಗೆ ನೀರು ಚಿಮುಕಿಸಿ ಶುದ್ಧ ಮಾಡುತ್ತಿದ್ದರು. ಆಮೇಲೆ ಹೆಣ ಇಳಿಯುತ್ತಿತ್ತು. ಪೂಜೆ ಆಗುತ್ತಿತ್ತು. ಎಲ್ಲ ಮುಗಿದ ಮೇಲೆ ಮತ್ತೆ ಕರೆಯುತ್ತಿದ್ದರು. ಮಣ್ಣು ಎಳೆಯಲಿಕ್ಕೆ.

ನಾನು ಉಜ್ವಲಾ. ಅಪ್ಪನ ಹಿರೇ ಮಗಳು. ಏಳನೇತ್ತೆ ಓದಿದ್ದೇನೆ. ಗಂಡ ಸೋಲಾಪುರಕ್ಕೆ ದುಡಿಯಲಿಕ್ಕೆ ಹೋದವನು ಬರಲಿಲ್ಲ. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಕಸ ಹೊಡೆಯುತ್ತೇನೆ. ಅಪ್ಪ ಸತ್ತ ಮೂರನೇ ದಿನ ಕೆಲಸಕ್ಕೆ ಹೋದೆ. ಅತ್ತಿದ್ದೆನೋ ಇಲ್ಲವೋ ನೆನಪಿಲ್ಲ. ಪ್ಲಾಟ್‌ಫಾರ್ಮ್ ಗುಡಿಸಿದೆ. ಗುಟ್ಕಾದ ಕಲೆ ತಿಕ್ಕಿದೆ. ಮನೆಗೆ ಬಂದೆ. ಹೀಗೆ ಒಂದು ವರ್ಷ ಹೋಯಿತು.

ಈ ವರ್ಷ ಅದೇ ಶ್ರಾವಣದಲ್ಲಿ ತಮ್ಮ ಅಂಬರೀಷ ಬಸ್‌ಸ್ಟ್ಯಾಂಡಿಗೆ ಬಂದ. ಅವನು ಗೌಂಡಿ ಕೈಯಲ್ಲಿ ಕೆಲಸ ಮಾಡುತ್ತಾನೆ. ಹಗಲು ಹೊತ್ತು ಎಂದೂ ಬಂದವನಲ್ಲ. ಸಿಮೆಂಟು ಹತ್ತಿದ ಅಂಗಿಯಲ್ಲೇ ನಿಂತಿದ್ದ.

"ಅಕ್ಕಾ, ರೋಡ್ ಅಗಲ ಮಾಡಾಕತ್ತಾರ."

"ಮಾಡ್ಲಿ."

"ಅಪ್ಪನ ಮ್ಯಾಲ ಹೋಗ್ತದ."

ಪೊರಕೆ ಕೆಳಗಿಟ್ಟೆ. ಕೈ ತೊಳೆದುಕೊಂಡೆ. ಸೂಪರ್‌ವೈಸರ್‌ಗೆ ಹೇಳಿ ಅವನ ಜೊತೆ ಬಸ್ ಹತ್ತಿದೆ.

ಅಪ್ಪನ ತಲೆಕಡೆ ಇಟ್ಟ ಕಲ್ಲಿನ ಮೇಲೆ ಕೆಂಪು ಬಣ್ಣದಿಂದ ಗೀಟು ಎಳೆದಿದ್ದರು. ಆ ಗೀಟಿನವರೆಗೂ ರೋಡು. ಗುತ್ತಿಗೆದಾರನ ಮನುಷ್ಯ ಕೊಡೆ ಹಿಡಿದು ನಿಂತಿದ್ದ.

"ನಮ್ಮ ನಕಾಶೆದಾಗ ಇಲ್ಲಿ ಸ್ಮಶಾನ ಅಂತ ಇಲ್ಲ," ಅಂದ. "ಸರಿಸಿಕೊಳ್ಳೋದಿದ್ರ ಸರಿಸ್ಕೋರಿ. ಸೋಮವಾರ ಮಶೀನ್ ಬರ್ತದ."

ಅದೇ ರೋಡಿನ ಹಿಂದಿನ ಊರಿನಲ್ಲಿ ಮಶೀನು ಆಗಲೇ ಬಂದು ಹೋಗಿತ್ತು. ಅಲ್ಲಿಯ ಎಲುಬು ಮಣ್ಣಿನ ಸಂಗಡ ಟಿಪ್ಪರಿಗೆ ಹೋಗಿತ್ತು. ಟಿಪ್ಪರು ಎಲ್ಲಿ ಸುರಿಯಿತೋ ಯಾರಿಗೂ ಗೊತ್ತಿಲ್ಲ.

ಅವತ್ತು ಸೋಮವಾರವೇ. ಏಳು ದಿನ ಇದ್ದವು.

ಅವ್ವನಿಗೆ ಹೇಳಿದೆವು. ಅವ್ವ ಸತ್ಯಮ್ಮ. ಅರವತ್ತು ದಾಟಿದೆ. ಮೂವತ್ತು ವರ್ಷ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಳಿದು ಬೆನ್ನು ಬಾಗಿದೆ. ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಅವರವ್ವನ ಬಾಜೂಕ ಒಯ್ರಿ," ಅಂದಳು.

"ಎಲ್ಲಿ ಅದ ಅದು?" ಅಂಬರೀಷ ಕೇಳಿದ. ಅವನು ಹುಟ್ಟಿದ ಮೇಲೆ ಯಾರನ್ನೂ ಅಲ್ಲಿ ಹುಗಿದಿಲ್ಲ.

ನನಗೆ ಸ್ವಲ್ಪ ನೆನಪಿತ್ತು. ಅಪ್ಪನ ತಾಯಿಗೆ ನಾವು ಆಯಿ ಅನ್ನುತ್ತಿದ್ದೆವು. ಆಯಿ ಸತ್ತಾಗ ನನಗೆ ಒಂಬತ್ತು ವರ್ಷ. ಹಳ್ಳದ ದಂಡೆಗೆ ಹೋಗಿದ್ದೆವು. ಚಪ್ಪಟೆ ಕಲ್ಲುಗಳಿದ್ದವು. ಅಪ್ಪನ ಮುತ್ಯಾ, ಮುತ್ಯಾನ ಅಪ್ಪ, ಎಲ್ಲ ಅಲ್ಲೇ. ನಮ್ಮ ಮನೆತನದ ಜಾಗ. ಅಲ್ಲಿಗೆ ಹೋಗುವ ಬಂಡಿದಾರಿ ಮಹಾರುದ್ರಪ್ಪ ಗೌಡರ ಹೊಲದ ನಡುವೆ ಇತ್ತು. ಆಯಿ ಸತ್ತ ಎರಡು ವರ್ಷಕ್ಕೆ ಗೌಡರು ಬೋರ್ ಹೊಡೆಸಿದರು. ದಾರಿ ಉತ್ತು ಕಬ್ಬು ಹಾಕಿದರು. ದಾರಿ ಹೋಯಿತು. ಹೋಗುವವರಿಲ್ಲದೆ ಜಾಗ ಹೋಯಿತು.

ಅಪ್ಪ ದಾರಿ ಕೇಳಿದ್ದ. ಗೌಡರ ಮನೆಯ ಕುಣಿ ತೋಡಿದಾಗಲೆಲ್ಲ ಕೇಳುತ್ತಿದ್ದ. "ನೋಡೂಣು ಕಾಶ್ಯಾ" ಅನ್ನುತ್ತಿದ್ದರು. ಅಷ್ಟೇ.

ಮಂಗಳವಾರ ಮುಂಜಾನೆ ಮೂವರೂ ಹೊರಟೆವು. ಕೊಡಲಿ, ಕುಡುಗೋಲು, ಅಪ್ಪ ಕುಣಿ ತೋಡುತ್ತಿದ್ದ ಹಾರಿ, ಒಂದು ಕೊಡ ನೀರು, ರೊಟ್ಟಿ. ಹೊಲದೊಳಗೆ ಹೋಗದೆ ಹಳ್ಳದ ನೀರಿನಲ್ಲೇ ನಡೆದು ಬಳಸಿ ಹೋದೆವು. ಈ ವರ್ಷ ಗೌಡರು ಸೋಯಾ ಬಿತ್ತಿದ್ದರು. ಮೊಳಕಾಲೆತ್ತರ ಬಂದಿತ್ತು. ಸೋಯಾ ಮುಗಿದಲ್ಲಿ ಜಾಲಿ. ಗೋಡೆಯ ಹಾಗೆ. ಸರ್ಕಾರಿ ಜಾಲಿ. ಒಳಗೆ ಬೆಳಕು ಹೋಗುತ್ತಿರಲಿಲ್ಲ.

ಅಂಬರೀಷ ಕಡಿದ. ನಾನು ಎಳೆದೆ. ಅವ್ವ ಕುಂತು ಬೇರಿನ ಬುಡಕ್ಕೆ ಕುಡುಗೋಲು ಹಾಕಿದಳು. ಜಾಲಿಮುಳ್ಳು ಚಪ್ಪಲಿ ದಾಟಿ ಕಾಲಿಗೆ ಬರುತ್ತದೆ. ಒಳಗೆ ಮುರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಂಗೈ ಹರಿದಿತ್ತು. ರಕ್ತ ನೋಡಿದೆ. ನನ್ನದು ಅನಿಸಲಿಲ್ಲ. ಸೆರಗಿನ ಚುಂಗು ಹರಿದು ಸುತ್ತಿಕೊಂಡೆ. ಮತ್ತೆ ಎಳೆದೆ.

ಮೊದಲ ಕಲ್ಲು ಸಿಕ್ಕಿದ್ದು ಸಂಜೆಯ ಮುಂದೆ. ಅದರ ಮೇಲೆ ಏನೂ ಬರೆದಿರಲಿಲ್ಲ. ಯಾವ ಕಲ್ಲಿನ ಮೇಲೂ ಬರೆದಿಲ್ಲ. ಬರೆಯಲಿಕ್ಕೆ ಬರುವವರು ನಮ್ಮಲ್ಲಿ ಇರಲಿಲ್ಲ. ಅವ್ವ ಕಲ್ಲಿನ ಮೇಲೆ ಕೈ ಇಟ್ಟಳು. ಒಂದು ಮೂಲೆ ಒಡೆದಿತ್ತು. ಅಲ್ಲಿ ಬೆರಳಾಡಿಸಿದಳು.

"ಇದು ನಿಮ್ಮ ಮುತ್ಯಾಂದು," ಅಂದಳು. "ನನ್ನ ಮದಿವಿ ಆದ ಐದನೇ ದಿನ ನಮ್ಮತ್ತಿ ಇಲ್ಲಿ ಕರಕೊಂಡ ಬಂದಿದ್ಳು. ಒಂದೊಂದರ ಮುಂದ ನಿಂದ್ರಿಸಿ ಇವರು ಇಂಥವರು ಅಂತ ಹೇಳಿದ್ಳು. ಮರೀಬ್ಯಾಡ ಅಂದಿದ್ಳು."

ಬುಧವಾರ ನಾಲ್ಕು ಕಲ್ಲು ಸಿಕ್ಕವು. ಗುರುವಾರ ಆರು. ಒಟ್ಟು ಹನ್ನೊಂದು. ಆಯಿಯ ಕಲ್ಲನ್ನು ಜಾಲಿಯ ಬೇರು ಎತ್ತಿ ಒಗೆದಿತ್ತು. ಅಂಬರೀಷ ಹಾರಿಯಿಂದ ಮೀಟಿ ಮತ್ತೆ ಮಟ್ಟಸ ಕೂಡಿಸಿದ. ಅವ್ವ ಸೆರಗಿನಿಂದ ಒರೆಸಿದಳು.

ಗುರುವಾರ ಊಟದ ಹೊತ್ತಿಗೆ ಮಹಾರುದ್ರಪ್ಪ ಗೌಡರು ಬಂದರು. ಮೋಟರ್ ಸೈಕಲ್ ಬದುವಿನ ಮೇಲೆ ನಿಲ್ಲಿಸಿ ನಡೆದು ಬಂದರು. ಬಿಳಿ ಅಂಗಿ, ಹಣೆಗೆ ವಿಭೂತಿ. ವರ್ಷಕ್ಕೊಮ್ಮೆ ಕಲ್ಯಾಣದಲ್ಲಿ ಮೈಕು ಹಿಡಿದು ಎಲ್ಲ ಮನುಷ್ಯರೂ ಒಂದೇ ಅಂತ ಮಾತಾಡುತ್ತಾರೆ. ನಾನೂ ಒಮ್ಮೆ ಕೇಳಿದ್ದೇನೆ. ಚೆನ್ನಾಗಿ ಮಾತಾಡುತ್ತಾರೆ.

"ಯಾರಿಗಿ ಕೇಳಿ ಕಡಿಲಾಕತ್ತೀರಿ?"

ಅಂಬರೀಷ ಕೊಡಲಿ ಕೆಳಗಿಟ್ಟ. ತಾನಾಗಿಯೇ ಇಟ್ಟ. ಅವ್ವ ಎದ್ದು ನಿಂತು ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ನಮ್ಮವರ ಜಾಗಾರಿ ಇದು," ನಾನು ಅಂದೆ. "ಅಪ್ಪನ್ನ ತರೋದದ."

"ನಿಮ್ಮವರ ಜಾಗಾ? ಪಹಣಿ ತೋರಿಸು. ಎಂಬತ್ತೇಳು ನಂಬರ್ ಪೂರಾ ನಮ್ಮ ಹೆಸರಿಲೆ ಅದ. ಹಳ್ಳದತನಕ."

"ಗೋರಿ ಅವರಿ. ಕಣ್ಣಿಗಿ ಕಾಣ್ತವ ನೋಡ್ರಿ."

"ಕಲ್ಲು. ಹೊಲದಾಗ ಕಲ್ಲು ಇರ್ತಾವ." ಅವರು ಆಯಿಯ ಕಲ್ಲಿನ ಮೇಲೆ ಕಾಲಿಟ್ಟರು. ಕೆಸರು ಹತ್ತಿದ ಬೂಟು. ತಿಕ್ಕಿದರು. "ನಿಮ್ಮಪ್ಪ ಇರೋತನಕ ಒಂದು ಮಾತು ಎದುರು ಆಡಲಿಲ್ಲ. ಅದಕ್ಕ ಮರ್ಯಾದಿಲೆ ಸತ್ತ. ನೀ ಬಸ್‌ಸ್ಟ್ಯಾಂಡ್ ನೀರು ಕುಡದು ಕಾನೂನು ಹೇಳ್ತಿ. ಸತ್ಯಿ, ನಿನ್ನ ಮಕ್ಕಳಿಗಿ ತಿಳಿಸಿ ಹೇಳು."

ಅವ್ವ ತಲೆ ತಗ್ಗಿಸಿ ನಿಂತಿದ್ದಳು. ಆ ಬೂಟಿನ ಕೆಳಗೆ ಅವಳ ಅತ್ತೆ.

ಆವತ್ತೇ ಆಳುಗಳು ಬಂದು ನಮ್ಮ ಮತ್ತು ಸೋಯಾದ ನಡುವೆ ತಂತಿ ಎಳೆದರು. ಹಳ್ಳಕ್ಕೆ ಇಳಿಯುವ ಕಡೆ ನಾವೇ ಕಡಿದ ಮುಳ್ಳು ಒಟ್ಟಿದರು.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಏನು ಮಾಡಬೇಕು ಅನ್ನುವುದಷ್ಟೇ ತಲೆಯಲ್ಲಿ ಇತ್ತು.

ಶುಕ್ರವಾರ ಬಸವಕಲ್ಯಾಣಕ್ಕೆ ಹೋದೆ. ತಹಸೀಲ್ ಕಚೇರಿಯಲ್ಲಿ ಹಳೇ ದಾಖಲೆ ಕೇಳಿದೆ. ಎರಡು ತಾಸು ನಿಲ್ಲಿಸಿದರು. ನಿಜಾಮರ ಕಾಲದ ಕಾಗದ ಎಲ್ಲ ಉರ್ದುದಲ್ಲಿ ಇವೆ, ಓದುವವರು ಇಲ್ಲ ಅಂದರು. ನಕಲು ಕೊಡಿ, ಓದಿಸಿಕೊಳ್ಳುತ್ತೇನೆ ಅಂದೆ. ಮಧ್ಯಾಹ್ನದ ಮೇಲೆ ಒಂದು ಹಾಳೆ ಸಿಕ್ಕಿತು. ಉರ್ದು ನನಗೆ ಒಂದಕ್ಷರ ಬಾರದು. ಕಚೇರಿ ಹೊರಗೆ ಬೇವಿನ ಗಿಡದ ಕೆಳಗೆ ನಸೀರ್ ಸಾಬರು ಅರ್ಜಿ ಬರೆಯಲು ಕೂಡುತ್ತಾರೆ. ವಯಸ್ಸಾದವರು. ಅವರ ಮುಂದೆ ಹಾಳೆ ಇಟ್ಟೆ.

ಕನ್ನಡಕ ಒರೆಸಿ ಹಾಕಿಕೊಂಡರು. ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದರು.

"ಮೌಜೆ ಹಿಪ್ಪರವಾಡಿ. ನಂಬರ್ ಎಂಬತ್ತೇಳು. ಅದರಾಗ ಒಂಬತ್ತು ಗುಂಟೆ. ಖಬರಸ್ತಾನ." ತಲೆ ಎತ್ತಿ ನನ್ನ ನೋಡಿದರು. "ಬೇಟಿ, ಸ್ಮಶಾನ ಅಂತ ಬರದಾರ. ಭೀಮ್ಯಾ ವಲದ್ ಲಕ್ಷ್ಯಾ. ಅಂದ್ರ ಲಕ್ಷ್ಯಾನ ಮಗ ಭೀಮ್ಯಾ. ಅವನ ಖಾಂದಾನಿಂದು."

ಭೀಮ್ಯಾ ಅಪ್ಪನ ಮುತ್ಯಾ. ಹನ್ನೊಂದು ಕಲ್ಲಿನಲ್ಲಿ ಒಂದು ಅವನದು.

"ಮುಂದ ಓದ್ರಿ."

"ಮುಂದ ಏನಿಲ್ಲ."

"ಇನ್ನೊಂದು ಅಕ್ಷರ ಅದರಿ. ನೀವು ಬೆರಳು ಇಟ್ಟೀರಿ ಅದರ ಮ್ಯಾಲ."

ಅವರು ಬೆರಳು ತೆಗೆಯಲಿಲ್ಲ. "ಜಾತಿ ಹೆಸರು ಬರದಾರವ್ವಾ. ಆಗಿನ ಕಾಲದ ಮಾತು. ಬ್ಯಾಡ ಬಿಡು."

"ಓದ್ರಿ. ಅದರಿಂದಲೇ ನಮ್ಮದು ಅಂತ ಗೊತ್ತಾಗೋದು."

ಸಣ್ಣ ದನಿಯಲ್ಲಿ ಓದಿದರು. "ಕೌಮ್, ಢೇಡ."

ಊರಿನಲ್ಲಿ ಆ ಮಾತಿನಿಂದ ನಮ್ಮನ್ನು ಬೈಯುತ್ತಾರೆ. ಸರ್ಕಾರದ ಕಾಗದದಲ್ಲಿ ನಮಗೆ ಇದ್ದ ಒಂದೇ ಒಂದು ಆಸ್ತಿಯ ಮುಂದೆಯೂ ಅದೇ ಮಾತು ಇತ್ತು. ಹಾಳೆ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡೆ. ನಸೀರ್ ಸಾಬರು ಅಳತೆ ಮಾಡಿಸಲು ಅರ್ಜಿ ಬರೆದುಕೊಟ್ಟರು. ಒಳಗೆ ಕೊಟ್ಟೆ. ಗುಮಾಸ್ತ ಸಿಕ್ಕಾ ಹೊಡೆದ.

"ಸರ್ವೇಯರ್ ಬರಲಾಕ ಎರಡು ತಿಂಗಳಾಗ್ತದ," ಅಂದ.

"ಸೋಮವಾರ ಮಶೀನ್ ಬರ್ತದರಿ."

"ಅದು ಬ್ಯಾರೆ ಇಲಾಖೆ," ಅಂದ.

ಶನಿವಾರ ಮುಂಜಾನೆ ಸಂಗಮ್ಮ ಗೌಡ್ತಿ ಸತ್ತಳು. ಮಹಾರುದ್ರಪ್ಪ ಗೌಡರ ತಾಯಿ. ಎಂಬತ್ತೈದು ಆಗಿತ್ತು. ಕೆಟ್ಟವಳಲ್ಲ. ಅವ್ವನಿಗೆ ಹಳೇ ಸೀರೆ ಕೊಡುತ್ತಿದ್ದಳು. ನಾನು ಸಣ್ಣವಳಿದ್ದಾಗ ರೊಟ್ಟಿ ಕೊಟ್ಟಿದ್ದಾಳೆ. ಮೇಲಿನಿಂದ ಕೈಯೊಳಗೆ ಬೀಳಿಸುತ್ತಿದ್ದಳು. ಬೈಯುತ್ತಿರಲಿಲ್ಲ.

ಸುದ್ದಿ ಕೇಳಿ ಅವ್ವ ಬಾಗಿಲಲ್ಲಿ ಕುಸಿದು ಕುಂತಳು. ಕಣ್ಣಲ್ಲಿ ನೀರು ಬಂತು. ಅಪ್ಪನಿಗೆ ಬಾರದ್ದು ಗೌಡ್ತಿಗೆ ಬಂತು. ನಾನು ನೋಡುತ್ತ ನಿಂತೆ.

ಎಂಟು ಗಂಟೆಗೆ ಆಳು ಬಂದ. ಹೊರಗೇ ನಿಂತು ಕೂಗಿದ. "ಅಂಬರೀಷಾ, ಹಾರಿ ಸಲಿಕಿ ತಗೊಂಡ ಬರಬೇಕಂತ. ಮೂರು ಗಂಟೆಕ್ಕ ಮಣ್ಣು ಅದ. ಜಲ್ದಿ."

ಅಂಬರೀಷ ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ. ಅವ್ವ ಕಣ್ಣು ಒರೆಸಿಕೊಂಡಳು.

"ಬರಂಗಿಲ್ಲ ಅಂತ ಹೇಳು," ಅಂದಳು.

ಆಳಿಗೆ ಅರ್ಥವಾಗಲಿಲ್ಲ. "ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದ. ಬರಂಗಿಲ್ಲ."

ಅವನು ಹೋದ. ಕೇರಿಯಲ್ಲಿ ಬಾಗಿಲುಗಳು ಅರ್ಧ ತೆರೆದವು. ಅರ್ಧ ತಾಸಿನಲ್ಲಿ ಮಹಾರುದ್ರಪ್ಪ ಗೌಡರೇ ಬಂದರು. ಬರಿಗಾಲಲ್ಲಿ. ಕಣ್ಣು ಕೆಂಪಾಗಿದ್ದವು. ನನ್ನ ಕಾಲದಲ್ಲಿ ಅವರು ನಮ್ಮ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಹನುಮನ ಕಟ್ಟೆಯ ಹತ್ತಿರ ನಿಂತರು. ಮುಂದೆ ಬರಲಿಲ್ಲ. ನಾವೇ ಹೋದೆವು.

"ನಮ್ಮವ್ವ ಸತ್ತಾಳ," ಅಂದರು. ದನಿ ಸಣ್ಣದಾಗಿತ್ತು. "ಇಂಥ ದಿನ ತಕರಾರ ಬ್ಯಾಡ. ಇವತ್ತು ಕೆಲಸಾ ಮಾಡ್ರಿ. ನಾಳಿ ತಂತಿ ಬಿಚ್ಚಿಸ್ತೀನಿ. ನಿಮ್ಮಪ್ಪನ್ನ ತಂದು ಹಾಕ್ಕೋರಿ. ಕಬೂಲ್?"

ಅಂಬರೀಷ ಉಸಿರು ಬಿಟ್ಟ ಸದ್ದು ಕೇಳಿಸಿತು. ನಾಳೆ ಭಾನುವಾರ. ಸೋಮವಾರ ಮಶೀನು. ಒಂದು ಕುಣಿ ತೋಡಿದರೆ ಅಪ್ಪ ಮನೆ ಸೇರುತ್ತಾನೆ. ಸರಳ ಲೆಕ್ಕ. ನಾನೂ ಒಪ್ಪುತ್ತಿದ್ದೆನೇನೋ. ಬಾಯಿ ತೆರೆದೆ. ಅವ್ವ ಮುಂದೆ ಬಂದಳು.

"ಗೌಡ್ರೇ, ನಿಮ್ಮವ್ವನ ಕೊಟ್ಟಿಗಿ ಮೂವತ್ತು ವರ್ಷ ಬಳದೀನಿ. ಆಕಿ ಹೋದಳು ಅಂತ ನನಗೂ ಸಂಕಟ ಅದ. ದೂರ ನಿಂತು ಕೈ ಮುಗದು ಬರ್ತೀನಿ. ಕುಣಿ ತೋಡಂಗಿಲ್ಲ."

"ದಾರಿ ಕೊಡ್ತೀನಿ ಅಂದ್ನಲ್ಲ!"

"ನೀವು ಕೊಡೋದು ಏನದ ಅದರಾಗ? ನಮ್ಮದು ನಮಗ ಕೊಡಲಾಕ ನಿಮ್ಮ ಕುಣಿ ಯಾಕ ತೋಡಬೇಕು?"

"ಸತ್ಯೀ..."

"ನನ್ನ ಗಂಡ ನಿಮ್ಮ ಮನಿಗಿ ಏಳು ಕುಣಿ ತೋಡ್ಯಾನರಿ. ಏಳು ಸಲ ದಾರಿ ಕೇಳ್ಯಾನ. ಎಂಟನೇದು ಆಗಂಗಿಲ್ಲ."

ಇದನ್ನು ಅವ್ವ ಕೂಗಿ ಹೇಳಲಿಲ್ಲ. ಜೋಳ ತೀರಿದೆ ಅಂತ ಹೇಳುವ ಹಾಗೆ ಹೇಳಿದಳು. ಗೌಡರ ಕೈ ಎದ್ದಿತು. ಕೇರಿಯ ಜನ ಬಾಗಿಲಿಂದ ಹೊರಗೆ ಬಂದು ನಿಂತಿದ್ದರು. ಅವರು ಏನೂ ಮಾಡಲಿಲ್ಲ. ನಿಂತಿದ್ದರು ಅಷ್ಟೇ. ಕೈ ಇಳಿಯಿತು.

"ಏನು ತಿಂದು ಬದುಕ್ತೀರಿ ನೋಡ್ತೀನಿ," ಅಂದು ಹೋದರು.

ಹನ್ನೊಂದು ಗಂಟೆಗೆ ಜೆಸಿಬಿ ಬಂತು. ನಮ್ಮ ಮನೆಯಿಂದ ಸದ್ದು ಕೇಳುತ್ತಿತ್ತು. ಅದು ಅಗಲಕ್ಕೆ ಬಗೆಯಿತು, ಗೂಡು ಕೊರೆಯಲಿಕ್ಕೆ ಬರಲಿಲ್ಲ. ಗೌಡರ ಮಕ್ಕಳು, ಅಳಿಯಂದಿರು ಸಲಿಕೆ ಹಿಡಿದು ಇಳಿದರಂತೆ. ಎರಡು ಸಲ ಗೂಡು ಕುಸಿಯಿತಂತೆ. ಇದನ್ನೆಲ್ಲ ಆಮೇಲೆ ಕೇಳಿದೆ. ಕೇಳಿ ಸಂತೋಷವಾಗಲಿಲ್ಲ. ಮುದುಕಿ ಹೊರಗೆ ಬಿಸಿಲಿನಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು ಕಾಯುತ್ತಿದ್ದಳು ಅಂದರು.

ಅದೇ ಹೊತ್ತಿನಲ್ಲಿ ನಾವು ರೋಡಿನ ಬದಿಗೆ ಇದ್ದೆವು.

ನಡುಹಗಲು. ಮುಚ್ಚಿಟ್ಟು ಮಾಡುವ ಕೆಲಸ ಅಲ್ಲ ಅಂತ ಅವ್ವ ಹೇಳಿದ್ದಳು. ಹೊಸ ಬಿಳಿ ಬಟ್ಟೆ, ಹೊಸ ಬುಟ್ಟಿ ತಂದಿದ್ದೆ. ಅಂಬರೀಷ ಎದೆಮಟ ತೋಡಿ ನಿಂತ. "ಅಕ್ಕಾ, ನನ್ನ ಕೈಲೆ ಆಗಂಗಿಲ್ಲ," ಅಂದು ಮೇಲೆ ಬಂದು ಗಟಾರಿನ ದಂಡೆಗೆ ವಾಂತಿ ಮಾಡಿಕೊಂಡ. ನಾನು ಇಳಿದೆ.

ಮಣ್ಣು ತಣ್ಣಗಿತ್ತು. ಕೈಯಿಂದಲೇ ತೆಗೆದೆ. ಮೊದಲು ಅಂಗಿ ಬಂತು. ಟೆರಿಕಾಟ್ ಅಂಗಿ. ಹಾಳಾಗಿರಲಿಲ್ಲ. ಗುಂಡಿ ಹಾಕಿದಂತೆಯೇ ಇದ್ದವು. ಒಳಗೆ ಎಲುಬು. ಸೊಂಟದ ಹತ್ತಿರ ಕರಿ ಉಡದಾರ. ಒಂದೊಂದೇ ತೆಗೆದು ಮೇಲೆ ಕೊಟ್ಟೆ. ಅವ್ವ ಇಸಿದುಕೊಂಡು ಬಟ್ಟೆಯ ಮೇಲೆ ಇಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ದಿನಾ ಏನೇನೋ ಎತ್ತುತ್ತೇನೆ. ಕೈಗೆ ಎತ್ತುವುದು ಗೊತ್ತು. ಕೈ ಮಾಡಿತು. ನಾನು ಎಲ್ಲೋ ಇದ್ದೆ.

ತಲೆ ಕೊಟ್ಟಾಗ ಅವ್ವ ಅದನ್ನು ಬಟ್ಟೆಯ ಮೇಲೆ ಇಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣಿನ ಗುಳಿಯೊಳಗಿನ ಮಣ್ಣನ್ನು ಕಿರುಬೆರಳಿನಿಂದ ತೆಗೆದಳು. ಒಂದು ಬಸ್ಸು ನಿಧಾನ ಮಾಡಿತು. ಜನ ಕಿಟಕಿಯಿಂದ ನೋಡಿದರು. ಬಸ್ಸು ಹೋಯಿತು.

ಬುಟ್ಟಿ ನನ್ನ ತಲೆಯ ಮೇಲೆ. ಹಗುರ ಇತ್ತು. ಅಪ್ಪ ಆರಡಿ ಆಳು. ಗೌಡರ ಹೊಲದ ಗೇಟಿಗೆ ಬೀಗ ಇತ್ತು. ಆಳುಗಳು ಎಲ್ಲ ಮಣ್ಣಿಗೆ ಹೋಗಿದ್ದರು. ಅಂಬರೀಷ ಗೇಟಿನ ಪಕ್ಕದ ಬೇಲಿಯ ಎರಡು ಕಂಬ ಅಲುಗಾಡಿಸಿ ಕಿತ್ತ. ತಂತಿ ನೆಲಕ್ಕೆ ಬಿತ್ತು. ಹಳೇ ಬಂಡಿದಾರಿ ಎಲ್ಲಿತ್ತೋ ಅಲ್ಲೇ ನಡೆದೆವು. ಸೋಯಾ ಮುರಿಯಿತು. ಮೊದಲು ತಪ್ಪಿಸಿ ಕಾಲಿಡುತ್ತಿದ್ದೆ. ಆಮೇಲೆ ಬಿಟ್ಟೆ.

ಗುರುವಾರ ಎಳೆದ ತಂತಿಯನ್ನೂ ತುಳಿದು ದಾಟಿ ಆಯಿಯ ಬಲಕ್ಕೆ ತೋಡಿದೆವು. ಅಂಬರೀಷನಿಗೆ ಸುಸ್ತಾದಾಗ ನಾನು ಹಾರಿ ಹಿಡಿದೆ. ಹೆಂಗಸರು ಹಿಡಿಯಬಾರದು ಅನ್ನುತ್ತಾರೆ. ಅಲ್ಲಿ ಅನ್ನುವವರು ಇರಲಿಲ್ಲ. ಇಳಿಸಿದೆವು. ಮೂವರೂ ಮೂರು ಮುಷ್ಟಿ ಮಣ್ಣು ಹಾಕಿದೆವು. ಅಂಬರೀಷ "ಜೈ ಭೀಮ್" ಅಂದ. ಕುಂತು ರೊಟ್ಟಿ ತಿಂದೆವು. ಹಸಿವಾಗಿತ್ತು.

ಭಾನುವಾರ ಠಾಣೆಗೆ ಕರೆದರು. ಬೇಲಿ ಮುರಿದದ್ದು, ಬೆಳೆ ಹಾಳು ಮಾಡಿದ್ದು, ಇಜಾಜತ್ ಇಲ್ಲದೆ ಹೆಣ ತೆಗೆದದ್ದು.

"ಯಾರನ್ನ ಕೇಳಿ ತೆಗೆದ್ರಿ?" ಸಾಹೇಬರು ಕೇಳಿದರು.

"ರೋಡಿಗಿ ಹಾಕಿದಾಗ ಯಾರೂ ಕೇಳಿರಲಿಲ್ಲರಿ," ಅಂದೆ.

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ನೋಡಿದರು. ಮತ್ತೆ ಬರೆದರು. ದೊಡ್ಡ ಓಣಿಯ ನಾಲ್ಕು ಜನ ಬಂದು ಕುಂತಿದ್ದರು. ರಾಜಿ ಮಾಡಿಕೊಳ್ಳಿ ಅಂದರು. ಒಂದು ಕಾಗದ ಬರೆಸಿದ್ದರು. ತಪ್ಪಾಯಿತು, ಇನ್ನು ಮುಂದೆ ಊರಿನ ಪದ್ಧತಿಯ ಪ್ರಕಾರ ನಮ್ಮ ಪಾಲಿನ ಕೆಲಸ ಮಾಡುತ್ತೇವೆ ಅಂತ. ನಾನು ಓದಿ ಹೇಳಿದೆ. ಕಾನ್‌ಸ್ಟೇಬಲ್ ಮಸಿಯ ಡಬ್ಬಿ ತೆರೆದು ಅವ್ವನ ಮುಂದೆ ಇಟ್ಟ. ಅವ್ವ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಾಕಿಕೊಂಡಳು. ಮುಷ್ಟಿಯನ್ನು ಸೆರಗಿನೊಳಗೆ ಹಾಕಿಕೊಂಡಳು. ಮೂರು ತಾಸು ಹಾಗೇ ಕುಂತಿದ್ದಳು. ಕೇಸು ಹಾಕಿದರು. ಮನೆಗೆ ಬಂದೆವು.

ಸೋಮವಾರ ಮಶೀನು ಬಂತು. ರೋಡಿನ ಬದಿ ಬಗೆದು ಹೋಯಿತು. ಕೇರಿಯ ಎರಡು ಮನೆಯವರು ಅದಕ್ಕಿಂತ ಮುಂಚೆ ಬೆಳಕು ಹರಿಯುವಾಗ ತಮ್ಮವರನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನಮ್ಮ ಬಾಗಿಲಿಗೆ ಬಂದರು. "ಸತ್ಯಕ್ಕಾ, ನಿಮ್ಮವರ ಬಾಜೂಕ ಸ್ವಲ್ಪ ಜಾಗಾ ಕೊಡ್ತೀಯೇನು?" ಅವ್ವ "ತರ್ರಿ" ಅಂದಳು. ಉಳಿದವರು ಬರಲಿಲ್ಲ. 

ಆಮೇಲೆ ಗಿರಣಿಯಲ್ಲಿ ನಮ್ಮ ಜೋಳ ಬೀಸಲಿಲ್ಲ. ಕಿರಾಣಿಯವನು ಸಾಮಾನು ಇಲ್ಲ ಅಂದ. ಅವನ ಬೆನ್ನ ಹಿಂದೆಯೇ ಇತ್ತು. ನಾನು ಹುಮನಾಬಾದಿನಿಂದ ಹಿಟ್ಟು ತಂದೆ. ಊರಿನ ಗೌಂಡಿ ಅಂಬರೀಷನನ್ನು ಬಿಟ್ಟ. ಅವನು ಬಸ್ ಹತ್ತಿ ಚಿಟಗುಪ್ಪಕ್ಕೆ ಕೆಲಸಕ್ಕೆ ಹೋಗತೊಡಗಿದ. ಅವ್ವನನ್ನು ಯಾವ ಕೊಟ್ಟಿಗೆಗೂ ಕರೆಯಲಿಲ್ಲ. ಅವಳು ದಿನಾ ಹಳ್ಳದ ದಂಡೆಗೆ ಹೋಗಿ ಜಾಲಿ ಕಡಿದಳು. ಕಡಿದದ್ದನ್ನೇ ತಂದು ಒಲೆ ಹಚ್ಚಿದಳು.

ಎರಡು ತಿಂಗಳಿಗೆ ಸರ್ವೇಯರ್ ಬಂದ. ಸೋಯಾ ಕಾಯಿ ತುಂಬಿ ಹಳದಿಗೆ ತಿರುಗಿತ್ತು. ತಲಾಟಿ, ಇಬ್ಬರು ಪೊಲೀಸರು, ಮಹಾರುದ್ರಪ್ಪ ಗೌಡರು. ಕೇರಿಯವರು ಹತ್ತು ಹನ್ನೆರಡು ಜನ. ಸರ್ವೇಯರ್ ಹರೆಯದವನು. ನಸೀರ್ ಸಾಬರು ಓದಿದ ಆ ಹಾಳೆಯನ್ನು ನಕಾಶೆಯ ಜೊತೆ ಇಟ್ಟು ನೋಡಿದ. ಟೇಪು ಎಳೆದ. ನಾವು ಕಡಿದ ಜಾಗ ಆರೂವರೆ ಗುಂಟೆ ಬಂತು. ಟೇಪು ಅಲ್ಲಿಗೆ ನಿಲ್ಲಲಿಲ್ಲ. ಸೋಯಾದೊಳಗೆ ಹೋಯಿತು. ಎರಡೂವರೆ ಗುಂಟೆ ಒಳಗೆ ಹೋಗಿ ನಿಂತಿತು. ಅಲ್ಲಿ ಗೂಟ ಹೊಡೆದ.

"ಬೆಳಿ ಅದ ಅಲ್ಲಿ!" ಗೌಡರು ಅಂದರು.

"ಗಡಿ ಇಲ್ಲಿತನಕ ಬರ್ತದ್ರಿ," ಸರ್ವೇಯರ್ ಅಂದ. ಬೈಕಿನ ಸೀಟಿನ ಮೇಲೆ ಕಾಗದ ಇಟ್ಟು ಪಂಚನಾಮೆ ಬರೆದ. ಜೋರಾಗಿ ಓದಿದ. "ಸ್ಥಳದಲ್ಲಿ ಹಳೆಯ ಗೋರಿಗಳು ಹನ್ನೊಂದು."

"ಹದಿನೈದು," ಅವ್ವ ಅಂದಳು.

"ಎಣಿಸೀನಿ ಅಮ್ಮಾ. ಹನ್ನೊಂದೇ ಅವ."

"ಅದರಾಗ ನಾಕು ಮಂದಿ ಅದಾರ." ಅವ್ವ ಸೋಯಾದ ಕಡೆ ಕೈ ಮಾಡಿದಳು.

"ಕಲ್ಲಿಲ್ಲ, ಗುರುತಿಲ್ಲ. ನಾ ಹ್ಯಾಂಗ ಬರೀಲಿ?"

ಅವ್ವ ಆಯಿಯ ಕಲ್ಲಿನ ಹತ್ತಿರ ಹೋಗಿ ನಿಂತಳು. ಹಳ್ಳದ ಕಡೆ ಬೆನ್ನು ಮಾಡಿ ಹೆಜ್ಜೆ ಹಾಕಿದಳು. ತುಟಿ ಅಲುಗುತ್ತಿತ್ತು. ಏಳು ಹೆಜ್ಜೆಗೆ ಸೋಯಾದೊಳಗೆ ನಿಂತಳು. "ಇಲ್ಲಿ ನಿಮ್ಮಪ್ಪನ ಕಾಕಾ. ಕಾಲರಾ ಬಂದು ಸತ್ತಾಂವ. ಬಾಜೂಕ ಅವನ ಹೆಂಡತಿ. ಅದರ ಬಾಜೂಕ ನಿಮ್ಮ ಸೋದರತ್ತಿ, ಹಡಿಯೋದರಾಗ ಹೋದಳು." ಇನ್ನೆರಡು ಹೆಜ್ಜೆ ಇಟ್ಟಳು. ಅಲ್ಲೇ ನಿಂತಳು.

"ನಾಕನೇದು ಯಾರದವ್ವಾ?" ನಾನು ಕೇಳಿದೆ.

"ಸಣ್ಣದು. ನಿನಕಿಂತ ಮೊದಲಿಂದು."

ನನಗೆ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ನಾನೇ ಹಿರಿಯಳು ಅಂದುಕೊಂಡಿದ್ದೆ.

"ಹೆಸರೇನು?"

"ಹೆಸರಿಡಲಾಕ ಇನ್ನ ಎರಡು ದಿನ ಇತ್ತು," ಅವ್ವ ಅಂದಳು. "ಇವರು ಉಳತಾ ಹೋದ್ರು. ದನಕ್ಕ ಹುಲ್ಲು ಹಾಕ್ಲಾಕ ಬಂದಾಗ ನೋಡೀನಿ. ಟ್ರ್ಯಾಕ್ಟರ್ ಇದರ ಮ್ಯಾಲಿಂದ ಹೋಗ್ತಿತ್ತು. ನಾ ಹುಲ್ಲು ಹಾಕಿದೆ."

ಹಾಗಂದು ಬಾಗಿದಳು. ಒಂದು ಸೋಯಾ ಗಿಡ ಹಿಡಿದು ಕಿತ್ತಳು. ಪಕ್ಕಕ್ಕೆ ಒಗೆದಳು. ಇನ್ನೊಂದು ಕಿತ್ತಳು.

"ಏ ಸತ್ಯೀ! ಕೈ ತೆಗಿ! ಸಾಹೇಬ್ರ, ನೋಡ್ಲಾಕತ್ತೀರೇನು ನೀವು?"

ಪೊಲೀಸರು ಸರ್ವೇಯರ್‌ನ ಕಡೆ ನೋಡಿದರು. ಅವನು ಗೂಟದ ಕಡೆ ನೋಡಿದ. ಅವ್ವ ಗೂಟದ ಈಚೆಗೆ ಇದ್ದಳು.

ನಾನು ಹೋಗಿ ಅವಳ ಪಕ್ಕಕ್ಕೆ ಕುಂತೆ. ಕಿತ್ತೆ. ಒಣಗಿದ ಕಾಯಿ ಕೈಗೆ ಚುಚ್ಚುತ್ತಿದ್ದವು. ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮಣ್ಣಿನ ಮೇಲೆ ಬಿದ್ದಾಗ ಗೊತ್ತಾಯಿತು. ನಿಲ್ಲಿಸಲಿಲ್ಲ. ಎರಡೂ ಕೈಗೆ ಕೆಲಸ ಇತ್ತು. ಅಂಬರೀಷ ಹಾರಿ ತಂದು ಗಿಡ ಕಿತ್ತ ಜಾಗದಲ್ಲಿ ಚುಚ್ಚಿದ. ಎರಡು ಸಲ ಮೆತ್ತಗೆ ಹೋಯಿತು. ಮೂರನೇ ಸಲ ಖಣ್ ಅಂತು. ಮೊಳದಾಳದಲ್ಲಿ ಕಲ್ಲು ಅಡ್ಡ ಬಿದ್ದಿತ್ತು. ಮೈಮೇಲೆ ನೇಗಿಲಿನ ಗೀರುಗಳಿದ್ದವು. ಚಪ್ಪಟೆ ಕಲ್ಲು. ಒಂದು ಮೊಳವೂ ಇಲ್ಲ.

ಅಂಬರೀಷ ಅದನ್ನು ಎತ್ತಿ ಸರ್ವೇಯರ್‌ಗೆ ತೋರಿಸಿದ. "ಉಳದ ಮೂರೂ ತೆಗೀಲಾ?"

ಸರ್ವೇಯರ್ ಕಲ್ಲನ್ನು ನೋಡಿದ. ಗೌಡರು ಏನೋ ಹೇಳುತ್ತಿದ್ದರು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಸಾಕು," ಅಂದ.

ಬೈಕಿನ ಹತ್ತಿರ ಹೋಗಿ ಪೆನ್ನು ತೆಗೆದ. ಹನ್ನೊಂದರ ಮೇಲೆ ಗೀಟು ಎಳೆದ. ಹದಿನೈದು ಅಂತ ಬರೆದು ಪಕ್ಕದಲ್ಲಿ ಸಹಿ ಮಾಡಿದ.

ಅವ್ವ ನೋಡಲಿಲ್ಲ. ಇನ್ನೂ ಕೀಳುತ್ತಿದ್ದಳು.